ಬಸಿದು ಬರಿದಾದ ಪೀಟ್ ನೆಲ: ಯಾವ ದಾರಿ ಹಿಡಿದರೆ ಉಳಿದೀತು?

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಬಸಿಗಾಲುವೆ ಎಂದರೆ ತೋಟದ ಪ್ರಾಣ. ಮಳೆಗಾಲಕ್ಕೆ ಮುಂಚೆ ಅದರ ಹೂಳು ತೆಗೆಯದಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ, ಮರ ಸೊರಗುತ್ತದೆ. ನಾನು ಬೆಳೆದದ್ದು ಇಂಥ ತೋಟಗಳ ನಡುವೆ. ಹಾಗಾಗಿ ಇಂಡೋನೇಷ್ಯಾದ ಮಧ್ಯ ಕಾಲಿಮಂಟನ್ ಪ್ರಾಂತ್ಯದ ಕಥೆಯನ್ನು ಮೊದಲ ಸಲ ಓದಿದಾಗ ಅರಗಿಸಿಕೊಳ್ಳಲು ಹೊತ್ತು ಹಿಡಿಯಿತು. ಅಲ್ಲಿ ನೆಲವನ್ನು ಕೊಂದದ್ದೇ ಬಸಿಗಾಲುವೆ.

1995ರ ಕೊನೆಯಲ್ಲಿ ಅಧ್ಯಕ್ಷ ಸುಹಾರ್ತೊ ಅವರ ಸರ್ಕಾರ ಅಲ್ಲಿನ ಸುಮಾರು 10 ಲಕ್ಷ ಹೆಕ್ಟೇರ್ ಜೌಗು ಪ್ರದೇಶವನ್ನು ಭತ್ತದ ಗದ್ದೆಯಾಗಿಸಲು ಹೊರಟಿತು. 4,000 ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುವೆಗಳನ್ನು ತೋಡಿದರು. ಜಾವಾದಿಂದ ಸಾವಿರಾರು ಕುಟುಂಬಗಳನ್ನು ಕರೆತಂದು ನೆಲೆಗೊಳಿಸಿದರು. ಹುಳಿ ಮಣ್ಣಿನಲ್ಲಿ ಭತ್ತ ಮೇಲೇಳಲಿಲ್ಲ. 1997ರ ಎಲ್ ನಿನೊ ಬರದಲ್ಲಿ ಒಣಗಿ ನಿಂತಿದ್ದ ನೆಲಕ್ಕೆ ಬೆಂಕಿ ಬಿತ್ತು. ಆ ವರ್ಷ ಇಂಡೋನೇಷ್ಯಾದ ಪೀಟ್ ನೆಲಗಳು (ಸತ್ತ ಗಿಡಮರಗಳು ಪೂರ್ತಿ ಕೊಳೆಯದೆ ಸೇರಿದ ಇಂಥ ಜೌಗು ನೆಲಗಳು) ಮತ್ತು ಅವುಗಳ ಮೇಲಿನ ಕಾಡು ಉರಿದು ಹೊರಬಿದ್ದ ಇಂಗಾಲ 81 ಕೋಟಿ ಟನ್‌ನಿಂದ 257 ಕೋಟಿ ಟನ್‌ವರೆಗೆ ಎಂದು ವಿಜ್ಞಾನಿಗಳು ಅಂದಾಜು ಮಾಡಿದರು. ಜಗತ್ತು ಒಂದು ವರ್ಷದಲ್ಲಿ ಕಲ್ಲಿದ್ದಲು, ತೈಲ ಉರಿಸಿ ಬಿಡುತ್ತಿದ್ದ ಇಂಗಾಲದ ಶೇಕಡಾ 13ರಿಂದ 40ರಷ್ಟು ಅದು. ಸುಹಾರ್ತೊ ಇಳಿದ ಮೇಲೆ ಯೋಜನೆಯನ್ನು ಕೈಬಿಟ್ಟರು. ಕಾಲುವೆಗಳು ಹಾಗೆಯೇ ಉಳಿದವು, ಇಂದಿಗೂ ನೀರು ಬಸಿಯುತ್ತಿವೆ.

ಇಂಥ ನೆಲವನ್ನು ಮುಂದೆ ಏನು ಮಾಡಬೇಕು? ಒಬ್ಬರು ಮರ ನೆಡಿ ಎನ್ನುತ್ತಾರೆ, ಇನ್ನೊಬ್ಬರು ಎಣ್ಣೆತಾಳೆ ಬೆಳೆಯಿರಿ ಎನ್ನುತ್ತಾರೆ, ಮತ್ತೊಬ್ಬರು ಸೌರಫಲಕ ಹಾಸಿ ಎನ್ನುತ್ತಾರೆ. ನೀರು ತುಂಬಿಸಿ ಸುಮ್ಮನಿರಿ ಎನ್ನುವವರೂ ಇದ್ದಾರೆ. ಈ ದಾರಿಗಳನ್ನು ಇಲ್ಲಿ ಒಂದರ ಪಕ್ಕ ಒಂದಿಟ್ಟು ನೋಡಿದ್ದೇನೆ. ನಿಂತು ನೋಡುವ ಜಾಗ ಕಾಲಿಮಂಟನ್. ಜರ್ಮನಿ, ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಮಾಡಿ ನೋಡಿದ್ದನ್ನು ಬೇಕಾದಲ್ಲಿ ತಂದುಕೊಂಡಿದ್ದೇನೆ.

ಕಾಲಡಿಯ ಲೆಕ್ಕ

ಪೀಟ್ ಎಂಬುದಕ್ಕೆ ಕನ್ನಡದಲ್ಲಿ ನೆಲೆನಿಂತ ಪದವಿಲ್ಲ. ಕಲ್ಲಿದ್ದಲಿನ ಮೊದಲ ಮೆಟ್ಟಿಲು ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದು ನೆನಪಿರಬಹುದು. ಸತ್ತ ಗಿಡಮರಗಳು ನೀರಿನಲ್ಲಿ ಮುಳುಗಿ, ಗಾಳಿ ಸಿಗದೆ ಪೂರ್ತಿ ಕೊಳೆಯದೆ, ಪದರ ಪದರವಾಗಿ ಸೇರಿದ ಕಂದು ರಾಶಿ ಅದು. ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆದರೆ ಹೆಚ್ಚು. ಕಾಲಿಮಂಟನ್‌ನಲ್ಲಿ 10 ಮೀಟರಿಗಿಂತ ಆಳದ ಪೀಟ್ ಇರುವ ಕಡೆಗಳಿವೆ. ಅಂದರೆ ಅಲ್ಲಿ ನಡೆಯುವವರ ಕಾಲಡಿಯಲ್ಲಿ ಸಾವಿರಾರು ವರ್ಷಗಳ ಕಾಡು ಮಲಗಿದೆ. ಭೂಮಿಯ ನೆಲಭಾಗದ ಶೇಕಡಾ 3ರಷ್ಟನ್ನು ಮಾತ್ರ ಆವರಿಸಿರುವ ಈ ಜೌಗುಗಳು ಜಗತ್ತಿನ ಎಲ್ಲ ಕಾಡುಗಳ ಮರಗಳಲ್ಲಿ ಇರುವುದಕ್ಕಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟುಕೊಂಡಿವೆ.

ನೀರು ಇಳಿದರೆ ಗಾಳಿ ಒಳಹೊಗುತ್ತದೆ, ತಡೆದು ನಿಂತಿದ್ದ ಕೊಳೆಯುವಿಕೆ ಮತ್ತೆ ಶುರುವಾಗುತ್ತದೆ. ಉಷ್ಣವಲಯದ ತೋಟಗಳಲ್ಲಿ ಮಾಡಿದ ಅಳತೆಗಳ ಪ್ರಕಾರ ನೀರಿನ ಮಟ್ಟ 10 ಸೆಂಟಿಮೀಟರ್ ಇಳಿದಂತೆಲ್ಲ ಪ್ರತಿ ಹೆಕ್ಟೇರಿನಿಂದ ವರ್ಷಕ್ಕೆ ಸುಮಾರು 9 ಟನ್ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಬೀಳುತ್ತದೆ. ನೆಲವೂ ಕುಸಿಯುತ್ತದೆ. ಸುಮಾತ್ರಾದ ತೋಟಗಳಲ್ಲಿ ಕಾಲುವೆ ತೋಡಿದ ಮೊದಲ 5 ವರ್ಷಗಳಲ್ಲಿ ನೆಲ 1.4 ಮೀಟರ್‌ನಷ್ಟು ಇಳಿಯಿತು. ಆಮೇಲೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್‌ನಂತೆ ಇಳಿಯುತ್ತಲೇ ಇದೆ. ಇಂಗ್ಲೆಂಡಿನ ಹೋಮ್ ಎಂಬಲ್ಲಿ 1851ರ ಸುಮಾರಿಗೆ ಪೀಟ್ ನೆಲದಲ್ಲಿ ತುದಿ ನೆಲಕ್ಕೆ ಸಮವಾಗುವಂತೆ ಒಂದು ಕಬ್ಬಿಣದ ಕಂಬ ಹೂತಿದ್ದರು. ಇಂದು ಅದರ ತುದಿ ನೆಲದಿಂದ ಸುಮಾರು 4 ಮೀಟರ್ ಎತ್ತರದಲ್ಲಿದೆ. ಕಂಬ ಮೇಲೆದ್ದಿಲ್ಲ, ನೆಲ ಕೆಳಗಿಳಿದಿದೆ.

ಆದ್ದರಿಂದ ಯಾರು ಯಾವ ಯೋಜನೆ ತಂದರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಈ ಯೋಜನೆಯಲ್ಲಿ ಬೇಸಿಗೆಯ ಕೊನೆಯಲ್ಲಿ ನೀರು ನೆಲದಿಂದ ಎಷ್ಟು ಕೆಳಗಿರುತ್ತದೆ? ಉತ್ತರ ಕೊಡಲಾಗದವರ ಜೊತೆ ಮರ, ಬೆಳೆ, ಲಾಭದ ಮಾತು ಮುಂದುವರಿಸಿ ಫಲವಿಲ್ಲ.

ಎರಡನೆಯದು, ಪೀಟ್ ಎಷ್ಟು ಆಳವಿದೆ ಮತ್ತು ಆ ತುಂಡು ಉಬ್ಬಿನ ನೆತ್ತಿಯಲ್ಲಿದೆಯೋ ಅಂಚಿನಲ್ಲಿದೆಯೋ ಎಂಬುದು. ಎರಡು ನದಿಗಳ ನಡುವೆ ಪೀಟ್ ರಾಶಿ ಕವುಚಿಟ್ಟ ತಟ್ಟೆಯಂತೆ ನಡುವೆ ಉಬ್ಬಿರುತ್ತದೆ. ಆ ನೆತ್ತಿಗೆ ಮಳೆಯ ಹೊರತು ಬೇರೆ ನೀರಿಲ್ಲ. ನೆತ್ತಿಯನ್ನು ಸೀಳಿದರೆ ಸುತ್ತಲಿನ ಇಡೀ ಇಳಿಜಾರು ಒಣಗುತ್ತದೆ. 3 ಮೀಟರಿಗಿಂತ ಆಳದ ಪೀಟನ್ನು ಮುಟ್ಟಬಾರದೆಂಬ ನಿಯಮ ಇಂಡೋನೇಷ್ಯಾದಲ್ಲಿ 1990ರಿಂದಲೇ ಇತ್ತು. ಭತ್ತದ ಯೋಜನೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮೂರನೆಯದು ಪೀಟಿನ ಅಡಿಯ ಮಣ್ಣು. ಹಲವೆಡೆ ಅಲ್ಲಿ ಗಂಧಕಯುಕ್ತ ಜೇಡಿ ಇದೆ. ಗಾಳಿ ತಗುಲಿದರೆ ಅದು ಗಂಧಕಾಮ್ಲವಾಗಿ ಬೆಳೆಯನ್ನೂ ಮೀನನ್ನೂ ಸುಡುತ್ತದೆ. ಕೇರಳದ ಕುಟ್ಟನಾಡಿನ ‘ಕರಿ’ ನೆಲಗಳ ರೈತರಿಗೆ ಈ ಕಾಟ ಹೊಸದಲ್ಲ.

ಏನೂ ಮಾಡದೆ ಬಿಡುವುದು

ಪ್ರಕೃತಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ ಎಂಬ ನಂಬಿಕೆ ನನ್ನದೂ ಹೌದು. ಆದರೆ ಕಾಲುವೆ ತೆರೆದೇ ಇರುವ ಪೀಟ್ ನೆಲಕ್ಕೆ ಅದು ಸಲ್ಲದು. ಅಲ್ಲಿ ಕಾಡು ಮರಳುವುದಿಲ್ಲ, ಜರೀಗಿಡ ಮತ್ತು ಹುಲ್ಲು ಬೆಳೆಯುತ್ತವೆ. ಅವು ಒಣಗುತ್ತವೆ, ಉರಿಯುತ್ತವೆ, ಮತ್ತೆ ಬೆಳೆಯುತ್ತವೆ. ಒಮ್ಮೆ ಸುಟ್ಟ ಜಾಗ ಮತ್ತೆ ಸುಡುವುದು ಸುಲಭ. 2015ರಲ್ಲಿ ಇಂಡೋನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು. ಅದರಲ್ಲಿ ಮೂರನೇ ಒಂದರಷ್ಟು ಪೀಟ್ ನೆಲ. ನಷ್ಟ 1,600 ಕೋಟಿ ಡಾಲರಿಗೂ ಹೆಚ್ಚು ಎಂದು ವಿಶ್ವಬ್ಯಾಂಕ್ ಲೆಕ್ಕ ಹಾಕಿತು. ಮಧ್ಯ ಕಾಲಿಮಂಟನ್‌ನ ರಾಜಧಾನಿ ಪಲಂಕರಾಯಾ ನಗರದಲ್ಲಿ ವಾರಗಟ್ಟಲೆ ಹಗಲು ಹಳದಿಯಾಗಿತ್ತು, ಶಾಲೆಗಳು ಮುಚ್ಚಿದ್ದವು. ಪೀಟಿನ ಬೆಂಕಿ ಜ್ವಾಲೆಯಾಗಿ ಕಾಣುವುದು ಕಡಿಮೆ. ಹೊಟ್ಟಿನ ರಾಶಿಗೆ ಹತ್ತಿದ ಕಿಡಿಯಂತೆ ಒಳಗೊಳಗೇ ಹೊಗೆಯಾಡುತ್ತ ವಾರಗಟ್ಟಲೆ ಹರಿದಾಡಿ, ಇನ್ನೆಲ್ಲೋ ತಲೆ ಎತ್ತುತ್ತದೆ. ಪೂರ್ತಿ ಆರಿಸುವುದು ಮಳೆಗೆ ಮಾತ್ರ ಸಾಧ್ಯ. ಹಾಗಾಗಿ ಈ ದಾರಿಯನ್ನು ಪಟ್ಟಿಯಿಂದ ಹೊಡೆದುಹಾಕಬಹುದು.

ಕಾಲುವೆಗೆ ಒಡ್ಡು ಹಾಕಿ ನೀರು ನಿಲ್ಲಿಸುವುದು

ಮೂಲಚಿಕಿತ್ಸೆ ಇದು. ಕರಾವಳಿಯಲ್ಲಿ ಮಳೆಗಾಲ ಮುಗಿಯುತ್ತಲೇ ತೋಡುಗಳಿಗೆ ಕಟ್ಟ ಹಾಕುವವರಿಗೆ ಇದರ ತರ್ಕ ಬಿಡಿಸಿ ಹೇಳಬೇಕಿಲ್ಲ. ಕಾಲಿಮಂಟನ್‌ನ ದಯಾಕ್ ಮತ್ತು ಬಂಜಾರ್ ಜನರಿಗೂ ‘ತಬತ್’ ಎಂಬ ಒಡ್ಡು ಪರಂಪರೆಯಿಂದ ಬಂದದ್ದು. ಎರಡು ಸಾಲು ಮರದ ಗೂಟ ಹೊಡೆದು, ನಡುವೆ ಮಣ್ಣಿನ ಚೀಲ ತುಂಬಿ, ಮೇಲೆ ನೀರು ಉಕ್ಕಿ ಹರಿಯಲು ಕಿಂಡಿ ಬಿಡುತ್ತಾರೆ. ಸೆಬಾಂಗೌ ರಾಷ್ಟ್ರೀಯ ಉದ್ಯಾನದಲ್ಲಿ, ಮರಗಳ್ಳರು ದಿಮ್ಮಿ ತೇಲಿಸಲು ತೋಡಿದ್ದ ಸಣ್ಣ ಕಾಲುವೆಗಳನ್ನೂ ಸೇರಿಸಿ, ಇಂಥ ಒಡ್ಡುಗಳನ್ನು ದೊಡ್ಡ ಸಂಖ್ಯೆಯಲ್ಲಿ ಹಾಕಲಾಗಿದೆ. 2015ರ ಬೆಂಕಿಯ ನಂತರ, 2016ರ ಜನವರಿಯಲ್ಲಿ, ಸರ್ಕಾರ ಪೀಟ್ ಪುನಶ್ಚೇತನಕ್ಕೆಂದೇ ಒಂದು ಸಂಸ್ಥೆ ಹುಟ್ಟುಹಾಕಿ 20 ಲಕ್ಷ ಹೆಕ್ಟೇರಿನ ಗುರಿ ಕೊಟ್ಟಿತು. ಅದರ ಮೂರು ಕೆಲಸಗಳಲ್ಲಿ ಮೊದಲನೆಯದೇ ನೀರು ಮರಳಿಸುವುದು. ಗಿಡ ಮರಳಿಸುವುದು ಮತ್ತು ಜನರ ಬದುಕು ಎತ್ತುವುದು ಆಮೇಲಿನವು.

ಕೇಳಲು ಸರಳ, ಮಾಡಲು ಕಷ್ಟ. ಪೀಟ್ ಸ್ಪಂಜಿನಂಥದ್ದು. ನೀರು ಒಡ್ಡನ್ನು ಒಡೆಯುವುದಕ್ಕಿಂತ ಅದರ ಪಕ್ಕದಿಂದ, ಅಡಿಯಿಂದ ನುಸುಳಿಹೋಗುವುದೇ ಹೆಚ್ಚು. ದೊಡ್ಡದೊಂದು ಒಡ್ಡು ಕಟ್ಟಿ ಮೀಟರ್‌ಗಟ್ಟಲೆ ನೀರು ನಿಲ್ಲಿಸಿದರೆ ಅದು ಒಂದು ಮಳೆಗಾಲಕ್ಕೂ ಬಾಳುವುದಿಲ್ಲ. ಮೆಟ್ಟಿಲಿನಂತೆ ಹತ್ತಿರ ಹತ್ತಿರ ಸಣ್ಣ ಒಡ್ಡುಗಳನ್ನು ಹಾಕಿ, ಒಂದರಿಂದ ಇನ್ನೊಂದಕ್ಕೆ ನೀರಿನ ಮಟ್ಟದ ವ್ಯತ್ಯಾಸ 20–30 ಸೆಂಟಿಮೀಟರ್ ಮೀರದಂತೆ ನೋಡಿಕೊಂಡರೆ ನಿಲ್ಲುತ್ತವೆ. ಯಾವುದೇ ವರದಿಯಲ್ಲಿ ‘ಇಷ್ಟು ಸಾವಿರ ಒಡ್ಡು ಕಟ್ಟಿದೆವು’ ಎಂದಿದ್ದರೆ ಆ ಸಂಖ್ಯೆಯನ್ನು ಪಕ್ಕಕ್ಕಿಟ್ಟು, ಒಡ್ಡುಗಳ ನಡುವಿನ ಅಂತರ ಮತ್ತು ಎರಡು ವರ್ಷದ ಮೇಲೆ ನಿಂತಿರುವ ಒಡ್ಡು ಎಷ್ಟು ಎಂದು ಕೇಳಬೇಕು.

ಇನ್ನೊಂದು ಕಷ್ಟ ಜನರದು. ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ಆ ಕಾಲುವೆಗಳೇ ಊರಿನ ರಸ್ತೆಯಾಗಿವೆ. ರಬ್ಬರ್ ಹಾಲು, ಮೀನು, ಸೌದೆ ಎಲ್ಲ ದೋಣಿಯಲ್ಲಿ ಸಾಗುತ್ತವೆ. ರಾತ್ರೋರಾತ್ರಿ ಯಾರೋ ಬಂದು ಒಡ್ಡು ಕಟ್ಟಿಹೋದರೆ ಮೀನುಗಾರ ಅದನ್ನು ಕಡಿಯದೆ ಏನು ಮಾಡಬೇಕು? ದೋಣಿ ಎಳೆದುಕೊಂಡು ದಾಟಲು ಇಳಿಜಾರು, ತೆರೆದು ಮುಚ್ಚುವ ಬಾಗಿಲು, ನೋಡಿಕೊಳ್ಳುವ ಊರಿನ ಒಬ್ಬರಿಗೆ ತಿಂಗಳ ಸಂಬಳ, ಇವು ಮೂರೂ ಇರುವ ಒಡ್ಡು ಉಳಿಯುತ್ತದೆ. ಈ ಮೂರಕ್ಕೆ ಹಣವಿಡದೆ ಬರಿಯ ಮರ ಮತ್ತು ಚೀಲಕ್ಕೆ ಲೆಕ್ಕ ಹಾಕಿದ ಯೋಜನೆ ನನ್ನ ಕಣ್ಣಲ್ಲಿ ಅರ್ಧ ಯೋಜನೆ.

ಮೀಥೇನ್ ಬಗ್ಗೆ ಒಂದು ಆಕ್ಷೇಪ ಬರುತ್ತದೆ. ನೀರು ನಿಲ್ಲಿಸಿದರೆ ಮೀಥೇನ್ ಹೊರಡುತ್ತದೆ, ಅದು ಇಂಗಾಲದ ಡೈಆಕ್ಸೈಡಿಗಿಂತ ಜೋರು, ಹಾಗಾದರೆ ಲಾಭವೇನು ಎಂದು. ಹೊರಡುವುದು ನಿಜ, ಮೊದಲ ವರ್ಷಗಳಲ್ಲಿ ಹೆಚ್ಚು ಎಂಬುದೂ ನಿಜ. ಆದರೆ ಮೀಥೇನ್ ಗಾಳಿಯಲ್ಲಿ ಹತ್ತು ಹನ್ನೆರಡು ವರ್ಷ ಇದ್ದು ಕರಗುತ್ತದೆ. ಒಣ ಪೀಟಿನಿಂದ ಹೊರಟ ಡೈಆಕ್ಸೈಡ್ ಶತಮಾನಗಳ ಕಾಲ ಉಳಿದು ವರ್ಷ ವರ್ಷವೂ ಪೇರುತ್ತ ಹೋಗುತ್ತದೆ. ನೀರನ್ನು ಆಳವಾದ ಕೆರೆಯಂತೆ ನಿಲ್ಲಿಸದೆ ನೆಲದ ಮಟ್ಟಕ್ಕೆ ಹತ್ತಿರ ಇಟ್ಟರೆ ಮೀಥೇನನ್ನೂ ತಗ್ಗಿಸಬಹುದು. ಹಾಗಾಗಿ ಮೀಥೇನ್ ಕಾರಣ ಕೊಟ್ಟು ನೀರು ಮರಳಿಸುವುದನ್ನು ಮುಂದೂಡುವುದಕ್ಕೆ ಅರ್ಥವಿಲ್ಲ.

ಮರ ನೆಡುವುದು

ಫೋಟೋದಲ್ಲಿ ಚೆನ್ನಾಗಿ ಕಾಣುವ ಕೆಲಸ, ಆದ್ದರಿಂದ ಹಣ ಬೇಗ ಬರುವ ಕೆಲಸ. ನೀರು ಮರಳಿಸದೆ ನೆಟ್ಟರೆ ಮುಂದಿನ ಬರದಲ್ಲಿ ಸಸಿ ಬೂದಿಯಾಗುತ್ತದೆ. ನೀರು ಮರಳಿಸಿ, ಜಾತಿ ನೋಡದೆ ನೆಟ್ಟರೆ ಮಳೆಗಾಲದಲ್ಲಿ ಮುಳುಗಿ ಸಾಯುತ್ತದೆ. ಜೌಗಿನ ಕಾಡಿನದೇ ಆದ ಜೆಲುತುಂಗ್, ಬಲಂಗೆರಾನ್ ಮುಂತಾದವುಗಳನ್ನು ಸಣ್ಣ ದಿಬ್ಬ ಮಾಡಿ ನೆಟ್ಟರೆ ಬದುಕುತ್ತವೆ. ಹತ್ತಿರದಲ್ಲೇ ಹಳೆಯ ಕಾಡು ಉಳಿದಿದ್ದರೆ ನೆಡುವ ಗೊಡವೆಗೇ ಹೋಗದೆ ಬೆಂಕಿಯನ್ನು ತಡೆದರೆ ಸಾಕು, ಹಕ್ಕಿಗಳೂ ಬಾವಲಿಗಳೂ ಬೀಜ ತರುತ್ತವೆ.

ಮರ ಎಂದರೆ ಯಾವಾಗಲೂ ಒಳ್ಳೆಯದು ಎಂಬ ಭಾವನೆಯನ್ನು ಸ್ಕಾಟ್ಲೆಂಡಿನ ಫ್ಲೋ ಕಂಟ್ರಿ ತಿದ್ದುತ್ತದೆ. ಅಲ್ಲಿನ ಬಯಲು ಪೀಟ್ ಜೌಗಿನಲ್ಲಿ ಮರವೇ ಇರಲಿಲ್ಲ. 1980ರ ದಶಕದಲ್ಲಿ ತೆರಿಗೆ ರಿಯಾಯಿತಿಯ ಆಸೆಗೆ ಕಾಲುವೆ ತೋಡಿ ಸೂಚಿಪರ್ಣಿ ತೋಪು ನೆಟ್ಟರು. ಈಗ ಅದೇ ಮರಗಳನ್ನು ಕಡಿದು, ಸಾಲುಗಳ ನಡುವಿನ ಚರಂಡಿ ಮುಚ್ಚಿ ಜೌಗನ್ನು ಮರಳಿ ತರುತ್ತಿದ್ದಾರೆ. 2024ರಲ್ಲಿ ಆ ಪ್ರದೇಶಕ್ಕೆ ವಿಶ್ವ ಪರಂಪರೆಯ ತಾಣದ ಮನ್ನಣೆ ಸಿಕ್ಕಿತು. ಒಂದೆಡೆ ಮರ ನೆಡುವುದು ದುರಸ್ತಿ, ಇನ್ನೊಂದೆಡೆ ಮರ ಕಡಿಯುವುದು ದುರಸ್ತಿ. ಆ ಜೌಗಿನಲ್ಲಿ ಮೊದಲು ಏನಿತ್ತು ಎಂಬುದೇ ತೀರ್ಮಾನಿಸಬೇಕು.

ಒದ್ದೆ ನೆಲದಲ್ಲೇ ಬೇಸಾಯ

ನನಗೆ ಅತ್ಯಂತ ಭರವಸೆ ಕೊಡುವ ದಾರಿ ಇದು. ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದೂ ಇದೇ. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನ ವಿಜ್ಞಾನಿಗಳು ಇದಕ್ಕೆ ಪಾಲುಡಿಕಲ್ಚರ್ ಎಂದು ಹೆಸರಿಟ್ಟರು. ‘ಪಾಲುಸ್’ ಎಂದರೆ ಲ್ಯಾಟಿನ್‌ನಲ್ಲಿ ಜೌಗು. ನೀರು ಬಸಿಯದೆ, ನೀರಿನಲ್ಲಿ ಬೆಳೆಯುವುದನ್ನೇ ಬೆಳೆ ಎಂದುಕೊಳ್ಳುವ ಬೇಸಾಯ. ಭತ್ತ ಬೆಳೆಯುವವರಿಗೆ ಕಲ್ಪನೆ ಹೊಸದಲ್ಲ.

ಇಂಡೋನೇಷ್ಯಾದಲ್ಲಿ ಇದರ ಬಲವಾದ ಉದಾಹರಣೆ ಕಾಲಿಮಂಟನ್‌ನದಲ್ಲ, ಸುಮಾತ್ರಾದ ರಿಯಾವು ಪ್ರಾಂತ್ಯದ ಸುಂಗೈ ತೋಹೋರ್ ಎಂಬ ದ್ವೀಪಗ್ರಾಮದ್ದು. ಅಲ್ಲಿನ ಜನರ ಬದುಕು ಸಾಗು ತಾಳೆ. ನಿಂತ ನೀರಿನಲ್ಲೇ ಬೆಳೆಯುವ ಈ ಮರ ಹತ್ತು ವರ್ಷದ ಆಸುಪಾಸಿನಲ್ಲಿ ಕಟಾವಿಗೆ ಬರುತ್ತದೆ. ಒಂದು ಕಾಂಡದ ತಿರುಳಿನಿಂದ 150ರಿಂದ 300 ಕಿಲೋ ಹಿಟ್ಟು ಸಿಗುತ್ತದೆ. ಬುಡದಿಂದ ಮರಿಗಳು ಏಳುವುದರಿಂದ ಮತ್ತೆ ನೆಡಬೇಕಿಲ್ಲ. ನಮ್ಮ ಪಾಯಸದ ಸಬ್ಬಕ್ಕಿ ಇಂದು ಮರಗೆಣಸಿನಿಂದ ತಯಾರಾಗುತ್ತದೆ, ಆದರೆ ಆ ಬಗೆಯ ಕಾಳು ಮೂಲದಲ್ಲಿ ಈ ತಾಳೆಯ ತಿರುಳಿನದು. ಬರಗಾಲದಲ್ಲಿ ಬೈನೆ ಮರ ಸೀಳಿ ಹಿಟ್ಟು ತೆಗೆಯುತ್ತಿದ್ದುದನ್ನು ಕೇಳಿ ಬಲ್ಲ ಮಲೆನಾಡಿನವರಿಗೆ ಇದು ದೂರದ ಸಂಗತಿ ಎನಿಸದು. ಪಕ್ಕದಲ್ಲಿ ಕಂಪನಿಯೊಂದರ ತೋಪಿಗಾಗಿ ಕಾಲುವೆ ಬಂದಾಗ ಸುಂಗೈ ತೋಹೋರ್‌ನ ಸಾಗು ಒಣಗಿತು, 2014ರಲ್ಲಿ ಬೆಂಕಿಯೂ ಹತ್ತಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಧ್ಯಕ್ಷ ಜೋಕೊ ವಿಡೋಡೊ ಆ ಊರಿಗೆ ಬಂದು ಜನರ ಜೊತೆ ಕಾಲುವೆಗೆ ಒಡ್ಡು ಹಾಕಿದರು. ಅಲ್ಲಿ ಒಡ್ಡು ಬೇಕೆಂದು ಕೇಳಿದವರು ಊರಿನವರು, ಏಕೆಂದರೆ ಅವರ ಬೆಳೆಗೇ ನೀರು ಬೇಕಿತ್ತು. ಒಡ್ಡು ಉಳಿಸಲು ಇದಕ್ಕಿಂತ ಗಟ್ಟಿ ಕಾರಣ ಬೇರೆ ಇಲ್ಲ.

ಕಾಲಿಮಂಟನ್‌ನಲ್ಲಿ ‘ಪುರುನ್’ ಎಂಬ ಜೊಂಡಿನಿಂದ ಹೆಂಗಸರು ಚಾಪೆ, ಬುಟ್ಟಿ ಹೆಣೆಯುತ್ತಾರೆ. ದಯಾಕರು ತೋಡುವ ‘ಬೆಜೆ’ ಎಂಬ ಹೊಂಡಗಳಲ್ಲಿ ನೆರೆ ಇಳಿದಾಗ ಮೀನು ಸಿಕ್ಕಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬೆಂಕಿ ನಂದಿಸಲು ಅದೇ ನೀರು. ಜೆಲುತುಂಗ್ ಮರದ ಹಾಲನ್ನು ಹಿಂದೆ ಚ್ಯೂಯಿಂಗ್ ಗಮ್ ತಯಾರಿಕೆಗೆ ಕೊಳ್ಳುತ್ತಿದ್ದರು. ಇವೆಲ್ಲ ನಿಜವಾದ ಆದಾಯಗಳು, ಆದರೆ ಸಣ್ಣವು. ಎಣ್ಣೆತಾಳೆಗೆ ಊರ ಬಾಗಿಲಿಗೇ ಲಾರಿ ಬರುತ್ತದೆ, ವಾರ ವಾರ ದುಡ್ಡು ಬರುತ್ತದೆ. ಪುರುನ್ ಚಾಪೆಗೆ ಕೊಳ್ಳುವವರನ್ನು ಹುಡುಕಿಕೊಂಡು ಹೋಗಬೇಕು. ಒದ್ದೆ ಬೇಸಾಯ ಸೋಲುವುದು ಹೊಲದಲ್ಲಿ ಅಲ್ಲ, ಮಾರುಕಟ್ಟೆಯಲ್ಲಿ. ಸಾಗು ಗೆದ್ದ ಕಡೆ ಅದರ ಹಿಂದೆ ಗಿರಣಿ ಇದೆ, ಶ್ಯಾವಿಗೆ ಮಾಡಿ ತಿನ್ನುವ ಜನ ಇದ್ದಾರೆ.

ಜರ್ಮನಿಯ ಅನುಭವವೂ ಇದನ್ನೇ ಹೇಳುತ್ತದೆ. ಆ ದೇಶದ ಪೀಟ್ ನೆಲದಲ್ಲಿ ಶೇಕಡಾ 90ಕ್ಕೂ ಹೆಚ್ಚನ್ನು ಹಿಂದೆಯೇ ಬಸಿದು ಹುಲ್ಲುಗಾವಲು, ಹೊಲ ಮಾಡಿಕೊಂಡಿದ್ದಾರೆ. ದೇಶದ ಒಟ್ಟು ಹಸಿರುಮನೆ ಅನಿಲದಲ್ಲಿ ಶೇಕಡಾ 7ರಷ್ಟು ಇದೊಂದರಿಂದಲೇ ಬರುತ್ತದೆ. ಈಗ ಕೆಲವೆಡೆ ನೀರು ನಿಲ್ಲಿಸಿ ಜೊಂಡು, ಆಪು ಬೆಳೆದು ಗೋಡೆಗಳ ಶಾಖ ತಡೆಯುವ ಹಲಗೆ ಮಾಡುತ್ತಾರೆ, ಸೂರಿಗೆ ಹೊದಿಸುತ್ತಾರೆ. ಮಾಲ್ಖಿನ್ ಪಟ್ಟಣದಲ್ಲಿ 2014ರಿಂದ ಒದ್ದೆ ಹುಲ್ಲುಗಾವಲಿನ ಹುಲ್ಲನ್ನೇ ಉರಿಸಿ ನೂರಾರು ಮನೆಗಳಿಗೆ ಬಿಸಿ ಒದಗಿಸುವ ಸ್ಥಾವರ ನಡೆಯುತ್ತಿದೆ. ಹಸು ಇಳಿಯದ ಕೆಸರಿಗೆ ಎಮ್ಮೆಗಳನ್ನು ತಂದು ಮೇಯಿಸುವವರೂ ಅಲ್ಲಿದ್ದಾರೆ. ಜರ್ಮನಿಯ ಜೌಗಿನಲ್ಲಿ ಎಮ್ಮೆ ಎಂದು ಓದಿದಾಗ ನನಗಾದ ಸಂತೋಷ ಸಣ್ಣದಲ್ಲ. ಆದರೂ ಒಣ ಹುಲ್ಲುಗಾವಲಿಗೆ ಸಿಗುವ ಸಹಾಯಧನ ಬಹುಕಾಲ ಒದ್ದೆ ನೆಲದ ಬೆಳೆಗೆ ಸಿಗುತ್ತಿರಲಿಲ್ಲ. ರೈತ ಹಿಂಜರಿದರೆ ತಪ್ಪು ರೈತನದಲ್ಲ.

ನೀರು ಇಳಿಸಿಯೇ ಬೆಳೆಯುವ ಬೆಳೆಗಳು

ಎಣ್ಣೆತಾಳೆ, ಕಾಗದದ ತಿರುಳಿಗೆ ಬೆಳೆಯುವ ಅಕೇಶಿಯಾ ಮತ್ತು ಭತ್ತ ಇಲ್ಲಿನ ಮುಖ್ಯ ಬೆಳೆಗಳು. ಇಂಡೋನೇಷ್ಯಾದ ಕಾನೂನು ಈಗ ಪೀಟ್ ತೋಟಗಳಲ್ಲಿ ನೀರು ನೆಲದಿಂದ 40 ಸೆಂಟಿಮೀಟರಿಗಿಂತ ಕೆಳಗಿಳಿಯಬಾರದು ಎನ್ನುತ್ತದೆ. 70 ಸೆಂಟಿಮೀಟರ್ ಕೆಳಗಿದ್ದ ನೀರನ್ನು 40ಕ್ಕೆ ತಂದರೆ ಮೇಲೆ ಹೇಳಿದ ಲೆಕ್ಕದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಇಪ್ಪತ್ತೇಳು ಟನ್‌ನಷ್ಟು ಡೈಆಕ್ಸೈಡ್ ತಪ್ಪುತ್ತದೆ, ಬೆಂಕಿಯ ಭಯವೂ ತಗ್ಗುತ್ತದೆ. ಈಗಾಗಲೇ ಇರುವ ತೋಟಕ್ಕೆ ಇದು ಕೂಡಲೇ ಮಾಡಬೇಕಾದ ಕೆಲಸ. ಆದರೆ ಇನ್ನೂ ಮೂವತ್ತಾರು ಟನ್‌ನಷ್ಟು ಹೋಗುತ್ತಲೇ ಇರುತ್ತದೆ, ನೆಲ ಇಳಿಯುತ್ತಲೇ ಇರುತ್ತದೆ. ಕರಾವಳಿಗೆ ಹತ್ತಿರದ ತೋಟಗಳು ಒಂದು ದಿನ ನದಿಯ ಮಟ್ಟಕ್ಕೆ ಇಳಿದು ತಾವಾಗಿಯೇ ಮುಳುಗುತ್ತವೆ. ಆಗ ಪಂಪ್ ಹಾಕಿ ನೀರು ಎತ್ತಬೇಕು, ಇಲ್ಲವೇ ಬಿಟ್ಟು ಹೋಗಬೇಕು. ಹೀಗಾಗಿ ಇದನ್ನು ‘ಸುಸ್ಥಿರ’ ಎಂದು ಕರೆಯುವುದನ್ನು ನಾನು ಒಪ್ಪಲಾರೆ. ಹೊಸದಾಗಿ ಪೀಟ್ ಬಸಿದು ತೋಟ ಮಾಡುವುದನ್ನಂತೂ ಯಾವ ಲೆಕ್ಕದಲ್ಲೂ ಸಮರ್ಥಿಸಲಾಗದು.

ಭತ್ತದ ವಿಷಯದಲ್ಲಿ ಇನ್ನೊಂದು ಮಾತಿದೆ. ತೆಳು ಪೀಟಿನ ಮೇಲೆ, ನದಿಯ ಮೆಕ್ಕಲು ಸೇರುವ ಅಂಚಿನಲ್ಲಿ, ಬಂಜಾರ್ ರೈತರು ತಲೆಮಾರುಗಳಿಂದ ಉಬ್ಬರ ಇಳಿತದ ನೀರು ಬಳಸಿ ಭತ್ತ ಬೆಳೆದಿದ್ದಾರೆ. ಅದು ನಡೆದಿದೆ, ನಡೆಯಲಿ. ಆಳದ ಪೀಟಿಗೆ ಅದನ್ನು ಹಬ್ಬಿಸಹೋದದ್ದೇ 1995ರ ತಪ್ಪು. 2020ರಲ್ಲಿ ಅದೇ ಪ್ರದೇಶದಲ್ಲಿ ಮತ್ತೆ ‘ಫುಡ್ ಎಸ್ಟೇಟ್’ ಹೆಸರಿನ ದೊಡ್ಡ ಆಹಾರ ಯೋಜನೆ ಬಂದಾಗ ಪರಿಸರ ಬಲ್ಲವರು ಕಳವಳಗೊಂಡದ್ದು ಅದಕ್ಕೇ.

ಸಣ್ಣ ರೈತರ ಮೇಲಿನ ಹೊರೆಯನ್ನೂ ಇಲ್ಲೇ ಹೇಳಬೇಕು. ಕಾಡಿನಂಚಿನ ದಯಾಕ್ ರೈತ ಹೊಲಕ್ಕೆ ಬೆಂಕಿ ಹಚ್ಚುತ್ತಿದ್ದದ್ದು ಸೋಮಾರಿತನದಿಂದಲ್ಲ. ಹುಳಿ ಮಣ್ಣಿಗೆ ಬೂದಿಯೇ ಅವನ ಸುಣ್ಣ, ಅದೇ ಅವನ ಗೊಬ್ಬರ. 2015ರ ನಂತರ ಸುಡುವುದರ ಮೇಲಿನ ನಿಷೇಧ ಬಿಗಿಯಾದಾಗ ಅನೇಕರು ಬಿತ್ತನೆಯನ್ನೇ ನಿಲ್ಲಿಸಬೇಕಾಯಿತು. ಉತ್ತರ ಕನ್ನಡದಲ್ಲಿ ಬ್ರಿಟಿಷರು ಕುಮರಿ ಬೇಸಾಯವನ್ನು ಅಡಗಿಸಿದಾಗ ಕಾಡಿನ ಜನರಿಗೆ ಆದದ್ದನ್ನು ಬಲ್ಲವರಿಗೆ ಈ ನೋವು ಅರ್ಥವಾಗುತ್ತದೆ. ನಿಷೇಧದ ಜೊತೆಗೆ ಸುಣ್ಣ, ಗೊಬ್ಬರ, ಉಳುವ ಯಂತ್ರ ಕೊಡದ ಯೋಜನೆಗೆ ನಾನು ಅಂಕ ಕೊಡಲಾರೆ.

ಗಾಳಿ ಗಿರಣಿ, ಸೌರಫಲಕ

ಐರ್ಲೆಂಡ್ ಇದರ ಪ್ರಯೋಗಶಾಲೆ. ಅಲ್ಲಿ ಪೀಟನ್ನು ಇಟ್ಟಿಗೆಯಂತೆ ಕಡಿದು ಉರುವಲು ಮಾಡುತ್ತಿದ್ದರು, ಅದರಿಂದಲೇ ವಿದ್ಯುತ್ ತೆಗೆಯುತ್ತಿದ್ದರು. ಸರ್ಕಾರಿ ಸಂಸ್ಥೆ ಬೋರ್ಡ್ ನಾ ಮೋನಾ 2021ರ ಜನವರಿಯಲ್ಲಿ ಪೀಟ್ ತೆಗೆಯುವುದನ್ನು ಕೊನೆಗೊಳಿಸಿದ್ದಾಗಿ ಘೋಷಿಸಿ, 33,000 ಹೆಕ್ಟೇರಿನ ಪುನಶ್ಚೇತನಕ್ಕೆ ಕೈ ಹಾಕಿತು. ಪೀಟ್ ತೆಗೆದು ಮುಗಿದ ಬರಡು ನೆಲದ ಮೇಲೆ ಗಾಳಿ ಗಿರಣಿಗಳು ಬಂದವು, ಕೆಲವೆಡೆ ಕೆರೆ ಮತ್ತು ಹಕ್ಕಿಗಳ ತಾಣಗಳಾದವು. ಪೀಟ್ ಬಹುಪಾಲು ಹೋಗಿಯೇ ಬಿಟ್ಟ ಜಾಗದಲ್ಲಿ, ಸುತ್ತಲಿನ ಚರಂಡಿ ಮುಚ್ಚಿ ಗಾಳಿ ಗಿರಣಿ ಸ್ಥಾಪಿಸುವುದು ನನಗೆ ಒಪ್ಪಿಗೆ.

ಆಳ ಪೀಟಿರುವ ಬೆಟ್ಟದ ಇಳಿಜಾರಿನ ಕಥೆ ಬೇರೆ. 2003ರ ಅಕ್ಟೋಬರ್‌ನಲ್ಲಿ ಗಾಲ್ವೇ ಬಳಿಯ ಡೆರಿಬ್ರಿಯನ್ ಎಂಬಲ್ಲಿ ಗಾಳಿ ಗಿರಣಿಗಳ ಕಾಮಗಾರಿ ನಡೆಯುತ್ತಿದ್ದಾಗ ಬೆಟ್ಟದ ಪೀಟೇ ಜಾರಿ ಹಳ್ಳಗಳಿಗೆ ಇಳಿಯಿತು, ಮೀನುಗಳು ಸಾವಿರಗಟ್ಟಲೆ ಸತ್ತವು. ಪರಿಸರ ಪರಿಣಾಮವನ್ನು ಸರಿಯಾಗಿ ಪರಿಶೀಲಿಸದ್ದಕ್ಕೆ ಯುರೋಪಿನ ನ್ಯಾಯಾಲಯ 2019ರಲ್ಲಿ ಐರ್ಲೆಂಡ್ ಸರ್ಕಾರಕ್ಕೆ 50 ಲಕ್ಷ ಯೂರೊ ದಂಡ ಹಾಕಿತು, ದಿನದ ದಂಡ ಬೇರೆ. ಸೌರಫಲಕದ ವಿಷಯದಲ್ಲಿ ಜರ್ಮನಿಯ ಕಾನೂನು ಜಾಣತನದ್ದು. ಪೀಟ್ ನೆಲದ ಮೇಲೆ ಫಲಕ ಹಾಕಿ ಆ ನೆಲಕ್ಕೆ ಶಾಶ್ವತವಾಗಿ ನೀರು ಮರಳಿಸಿದರೆ ಮಾತ್ರ ವಿಶೇಷ ದರದ ಅನುಕೂಲ ಸಿಗುತ್ತದೆ.

ಹಣ ಎಲ್ಲಿಂದ?

ಕಾರ್ಬನ್ ಕ್ರೆಡಿಟ್‌ಗಳು, ಅಂದರೆ ಇಷ್ಟು ಇಂಗಾಲ ಹೊರಬೀಳದಂತೆ ತಡೆದೆವು ಎಂದು ಲೆಕ್ಕ ತೋರಿಸಿ ಮಾರುವ ಪತ್ರಗಳು, ಈಗ ಎಲ್ಲರ ಬಾಯಲ್ಲಿವೆ. ಬೆಂಗಳೂರಿನ ಕಂಪನಿಗಳ ಮೇಜಿಗೂ ಇಂಥ ಪ್ರಸ್ತಾಪಗಳು ಬರುವ ಕಾಲ ಇದು. ಮಧ್ಯ ಕಾಲಿಮಂಟನ್‌ನ ಕಟಿಂಗಾನ್ ಯೋಜನೆ ಈ ಬಗೆಯ ದೊಡ್ಡ ಯೋಜನೆಗಳಲ್ಲಿ ಒಂದು, ವಿಸ್ತಾರ ಸುಮಾರು ಒಂದೂವರೆ ಲಕ್ಷ ಹೆಕ್ಟೇರ್. ಅದರ ಲೆಕ್ಕದ ತಳಹದಿ ಬಹುಮಟ್ಟಿಗೆ ‘ನಾವು ಕಾಯದಿದ್ದರೆ ಇಲ್ಲಿ ತೋಪು ಬರುತ್ತಿತ್ತು’ ಎಂಬುದು. ನಿಂತ ಕಾಡನ್ನು ಕಾಯುವುದು ದೊಡ್ಡ ಕೆಲಸವೇ. ಆದರೆ ಅದು ಕೆಟ್ಟ ನೆಲವನ್ನು ಸರಿಪಡಿಸುವುದಲ್ಲ, ಕೊಳ್ಳುವವರು ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ನೀರಿನ ಮಟ್ಟದ ತಿಂಗಳವಾರು ಅಳತೆಯನ್ನು ಬಹಿರಂಗವಾಗಿ ತೋರಿಸುತ್ತಾರೆಯೇ, ಎಲ್ ನಿನೊ ವರ್ಷದಲ್ಲಿ ಸುಟ್ಟರೆ ಮಾರಿದ ಲೆಕ್ಕವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ, ಸುತ್ತಲಿನ ಊರುಗಳಿಗೆ ಎಷ್ಟು ಪಾಲು ಹೋಗುತ್ತದೆ ಎಂದು ಕೇಳಿ. ಮೂರಕ್ಕೂ ನೇರ ಉತ್ತರ ಸಿಕ್ಕರೆ ಮಾತ್ರ ಮುಂದಿನ ಮಾತು.

ನನ್ನ ಆಯ್ಕೆ

ಆ ಹತ್ತು ಲಕ್ಷ ಹೆಕ್ಟೇರನ್ನು ನನ್ನ ಮುಂದಿಟ್ಟರೆ ಒಂದೇ ಔಷಧ ಬರೆಯುವುದಿಲ್ಲ. ಉಬ್ಬಿನ ನೆತ್ತಿ, 3 ಮೀಟರಿಗಿಂತ ಆಳದ ಪೀಟ್ ಇರುವಲ್ಲಿ ಒಡ್ಡು ಹಾಕಿ ನೀರು ನಿಲ್ಲಿಸಿ, ಕಾಡಿಗೆ ಬಿಟ್ಟುಕೊಡುತ್ತೇನೆ. ಅಲ್ಲಿಂದ ಆದಾಯ ನಿರೀಕ್ಷಿಸುವುದಿಲ್ಲ, ಒಡ್ಡು ಕಾಯುವವರ ಸಂಬಳ ಹೊರಗಿನ ಹಣದಿಂದಲೇ ಬರಬೇಕು. ಇಳಿಜಾರಿನ ನಡುಭಾಗದಲ್ಲಿ ಸಾಗು, ಪುರುನ್, ಜೆಲುತುಂಗ್ ಮತ್ತು ಬೆಜೆ ಹೊಂಡಗಳು. ಗಿರಣಿ ಮತ್ತು ಕೊಳ್ಳುವವರು ಗೊತ್ತಾದ ಮೇಲೆ, ಮೊದಲಲ್ಲ. ಇಲ್ಲಿ ಈಗಿರುವ ಸಣ್ಣ ರೈತರ ಎಣ್ಣೆತಾಳೆಯನ್ನು ಕಿತ್ತುಹಾಕಿ ಎನ್ನುವ ಮನಸ್ಸು ನನಗಿಲ್ಲ. 40 ಸೆಂಟಿಮೀಟರ್ ನಿಯಮ ಪಾಲಿಸಿ, ಮರ ಮುದಿಯಾಗುವ ಇಪ್ಪತ್ತೈದು ವರ್ಷದೊಳಗೆ ಬದಲಿ ಬೆಳೆ ಕಂಡುಕೊಳ್ಳಲಿ. ನದಿಯಂಚಿನ ತೆಳು ಪೀಟಿನಲ್ಲಿ ಭತ್ತ, ತರಕಾರಿ, ಮೀನು ಇರಲಿ.

ಕನ್ನಡ ನಾಡಿನಿಂದ ಕೈ ಚಾಚಬಹುದಾದ ಒಂದು ಆಯ್ಕೆಯೂ ಇದೆ. ಕುಂಡದ ಗಿಡಗಳಿಗೆ, ಸಸಿಮಡಿಗಳಿಗೆ ಜಗತ್ತಿನಾದ್ಯಂತ ಬಳಸುವ ಮಿಶ್ರಣದಲ್ಲಿ ಮುಖ್ಯ ಭಾಗ ಉತ್ತರ ಯುರೋಪಿನ ಮತ್ತು ಕೆನಡಾದ ಜೌಗುಗಳಿಂದ ಕಡಿದು ತಂದ ಪೀಟ್. ಅದಕ್ಕೆ ಬದಲಿಯಾಗಿ ಜರ್ಮನಿಯ ಹಾಂಕ್‌ಹೌಸೆನ್‌ನಲ್ಲಿ 2011ರಿಂದ ಪೀಟ್ ಕಟ್ಟುವ ಸ್ಫ್ಯಾಗ್ನಮ್ ಹಾವಸೆಯನ್ನೇ ಬೆಳೆಯಾಗಿ ಬೆಳೆದು ನೋಡುತ್ತಿದ್ದಾರೆ. ನಮ್ಮಲ್ಲಿ ಬದಲಿ ಆಗಲೇ ಇದೆ. ತಿಪಟೂರು, ಅರಸೀಕೆರೆಯ ಕಡೆ ತೆಂಗಿನ ಸಿಪ್ಪೆಯಿಂದ ನಾರು ಬಿಡಿಸಿದಾಗ ಉಳಿಯುವ ಹುಡಿ, ಅಂಗಡಿಯಲ್ಲಿ ಕೋಕೋಪೀಟ್ ಎಂದು ಸಿಗುವುದು, ಒಂದು ಕಾಲಕ್ಕೆ ರಸ್ತೆಬದಿಯ ಕಸವಾಗಿತ್ತು. ಅದನ್ನು ಬಳಸುವ ಮೊದಲು ಉಪ್ಪಿನಂಶ ಹೋಗುವಂತೆ ತೊಳೆಯಬೇಕು, ತೊಳೆಯಲು ನೀರು ಬಹಳ ಬೇಕು, ತೊಳೆದ ನೀರು ಹೊಲಕ್ಕೆ ಹರಿಯದಂತೆ ನೋಡಿಕೊಳ್ಳಬೇಕು. ಮಳೆನೀರು ಹಿಡಿದಿಟ್ಟು ತೊಳೆಯುವ ಘಟಕದ ಮಾಲು ಸಿಕ್ಕರೆ ಅದನ್ನೇ ಕೊಳ್ಳಿ. ಅಂತರ್ಜಾಲದ ಅಂಗಡಿಯಲ್ಲಿ ‘ಪೀಟ್ ಮಾಸ್’ ಎಂದು ಬರೆದ ಚೀಲ ಕಂಡರೆ, ಅದರೊಳಗೆ ಇರುವುದು ಬಸಿದ ಜೌಗಿನ ಸಾವಿರ ವರ್ಷ ಹಳೆಯ ಪದರ. ನಿಮ್ಮ ಗುಲಾಬಿಗೆ ಅದರ ಅಗತ್ಯವಿಲ್ಲ.